ಮಾಸ್ಕ್ ತೆಗೆಯುವ ದಿನ ರಜಾ ಹಾಕಿದ ಹುಡುಗಿ

ಕಳೆದ ಶುಕ್ರವಾರ ನನ್ನ ಒಡಹುಟ್ಟಿದ ತಮ್ಮನ ಮಗಳನ್ನೇ "ಯಾರಮ್ಮ ನೀನು? ಯಾರ ಮನೆಯವಳು?" ಎಂದು ಕೇಳಿಬಿಟ್ಟೆ.

ನಗಬೇಡಿ. ಕನ್ನಡಕ ಹಾಕಿಕೊಂಡೇ ಇದ್ದೆ. ಹಾಡಹಗಲು ಬೇರೆ.

ಈ ಹುಡುಗಿ ನಿಮಗೂ ಗೊತ್ತು. ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದೆ. ದಿಬ್ಬೂರಹಳ್ಳಿಯ ಹತ್ತಿರ ನನ್ನ ತಮ್ಮ ಮುನಿರಾಜು ರೇಷ್ಮೆ ಹುಳು ಸಾಕುತ್ತಾನೆ. ಅವನ ಮಗಳು ಹರ್ಷಿತ, ಎಸ್ಸೆಸ್ಸೆಲ್ಸಿ. ಮೊಬೈಲ್ ಹಿಡಿಯುವ ವಯಸ್ಸಿನಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿಯುತ್ತಾಳೆ, ಸ್ಕೂಲಿಂದ ಬಂದವಳೇ ಹುಳುಮನೆ ಸೇರುತ್ತಾಳೆ, ಮುಖದ ಮಾಸ್ಕ್ ತೆಗೆಯುವುದೇ ಇಲ್ಲ, ಎಂಥ ಶಿಸ್ತು, ಎಂಥ ಶುಚಿ ಎಂದೆಲ್ಲ ಬರೆದೆ. (ಎಲ್ಲವೂ ಮುನಿರಾಜು ಫೋನಿನಲ್ಲಿ ಹೇಳಿದ್ದು. ಚಿಕ್ಕಬಳ್ಳಾಪುರದಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯುವವರು ಹೀಗೇ ಬರೆಯುವುದು.)

ಹುಳು ಸಾಕುವವರಿಗೆ ಕೊರೋನಾ ಬರುವ ಎಷ್ಟೋ ವರ್ಷ ಮೊದಲೇ ಕ್ವಾರಂಟೈನ್ ಗೊತ್ತಿತ್ತು. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಮನೆಯವರೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಬೇಕು. ಅಂಥ ಮನೆಯಲ್ಲಿ ಮಗಳೊಬ್ಬಳು ವರ್ಷಗಟ್ಟಲೆ ಮಾಸ್ಕ್ ಹಾಕಿಕೊಂಡೇ ಓಡಾಡಿದರೆ ಅಪ್ಪನಿಗೆ ಏನನ್ನಿಸಬೇಕು? ಹೆಮ್ಮೆ!

"ನಮ್ಮ ಹುಳದ ಬೆಳೆ ಕೆಡದೇ ಇರೋದಕ್ಕೆ ಅವಳೇ ಕಾರಣ ಕಣಕ್ಕ" ಎನ್ನುತ್ತಿದ್ದ ಮುನಿರಾಜು. ನನ್ನ ಅಂಕಣವನ್ನು ಲ್ಯಾಮಿನೇಟ್ ಮಾಡಿಸಿ ಹುಳುಮನೆಯ ಬಾಗಿಲಿಗೇ ತೂಗುಹಾಕಿದ.

ಅದನ್ನು ಕಣ್ತುಂಬಿಕೊಳ್ಳೋಣ ಎಂದೇ ಶುಕ್ರವಾರ ಹೋದೆ. (ಸುಳ್ಳೇಕೆ ಹೇಳಲಿ?) ಸಂಜೆ ಐದರ ಹೊತ್ತಿಗೆ ಸೊಪ್ಪಿನ ತೋಟದ ಕಡೆ ಹೆಜ್ಜೆ ಹಾಕಿದರೆ, ಗಿಡಗಳ ಸಾಲಿನ ನಡುವೆ ಯೂನಿಫಾರ್ಮ್ ತೊಟ್ಟ ಹುಡುಗಿಯೊಬ್ಬಳು ಕುಕ್ಕರುಗಾಲಿನಲ್ಲಿ ಕೂತು, ಡಬ್ಬಿಯಿಂದ ಚಿತ್ರಾನ್ನವನ್ನು ಗಬಗಬ ತಿನ್ನುತ್ತಿದ್ದಳು. ಮೊಡವೆ ಮುಖ, ತುಸು ಮುಂದೆ ಬಂದ ಹಲ್ಲು. ಯಾರಮ್ಮ ನೀನು ಎಂದು ನಾನು ಕೇಳಿದ್ದು ಆಗಲೇ.

ಅವಳು ಸರಕ್ಕನೆ ಮಾಸ್ಕ್ ಮೇಲೆಳೆದುಕೊಂಡಳು. ಉಳಿದದ್ದು ಎರಡು ಕಣ್ಣು. ಅಯ್ಯೋ, ನಮ್ಮ ಹರ್ಷಿತ!

ಐದನೇ ಕ್ಲಾಸಿನ ಮಗುವಿನ ಮುಖ ನನಗೆ ಗೊತ್ತಿತ್ತು. ಆಮೇಲೆ ನಾನು ನೋಡಿದ್ದೆಲ್ಲ ಮೂಗಿನಿಂದ ಮೇಲಿನ ಹರ್ಷಿತಳನ್ನು ಮಾತ್ರ.

"ಮಧ್ಯಾಹ್ನದ ಡಬ್ಬಿ ಈಗ ತಿಂತಿದ್ದೀಯೇನೇ?"

"ದಿನಾ ಈಗ್ಲೇ ತಿನ್ನೋದು ಅತ್ತೆ. ಸ್ಕೂಲಲ್ಲಿ ತಿನ್ಬೇಕಂದ್ರೆ ಮಾಸ್ಕ್ ತೆಗೀಬೇಕಲ್ಲ."

ಪಕ್ಕದಲ್ಲೇ ಕೂತೆ. ಒಂದೊಂದೇ ಮಾತು ಹೊರಬಂತು. ಎರಡು ವರ್ಷ ಸ್ಕೂಲು ಫೋನಿನೊಳಗೇ ಇತ್ತು. ಎಂಟನೇ ಕ್ಲಾಸಿಗೆ ಹೊಸ ಸ್ಕೂಲು, ಹೊಸ ಜನ, ಎಲ್ಲರ ಮುಖಕ್ಕೂ ಮಾಸ್ಕ್. ಹಾಗೆಯೇ ಸ್ನೇಹವಾಯಿತು. ನೀನು ಎಷ್ಟು ಚೆನ್ನಾಗಿದ್ದೀಯ ಎಂದು ಗೆಳತಿಯರು ಹೇಳಿದರಂತೆ. ಮಾಸ್ಕ್ ಹಾಕಿದ ಮುಖಕ್ಕೆ ಸಿಕ್ಕ ಹೊಗಳಿಕೆ ಅದು, ಅದರಡಿಯ ಹಲ್ಲಿಗೂ ಮೊಡವೆಗೂ ಸಿಕ್ಕಿದ್ದಲ್ಲ.

"ಎಲ್ರೂ ಮಾಸ್ಕ್ ತೆಗೆದ ವಾರ ನಂಗೆ ಹುಷಾರಿರ್ಲಿಲ್ಲ, ರಜಾ ಹಾಕಿದ್ದೆ. ವಾಪಸ್ ಹೋದಾಗ ನಾನೊಬ್ಬಳೇ ತೆಗೆದ್ರೆ ಎಲ್ರೂ ನನ್ನೇ ನೋಡ್ತಾರಲ್ವಾ? ನಾಳೆ ತೆಗೆಯಣ, ನಾಳೆ ತೆಗೆಯಣ ಅಂತ..."

ಆ ನಾಳೆಗೆ ಮೂರು ವರ್ಷವಾಗುತ್ತಾ ಬಂತು. ಟೀಚರ್ ಕೇಳಿದರೆ ಡಸ್ಟ್ ಅಲರ್ಜಿ. ಮನೆಯಲ್ಲಿ ಕೇಳುವವರೇ ಇಲ್ಲ, ಹೊಗಳುವವರು ಮಾತ್ರ.

"ಹತ್ತು ಮುಗಿದ್ಮೇಲೆ ಓದಲ್ಲ ಅತ್ತೆ. ಕಾಲೇಜಲ್ಲಿ ಇನ್ನೂ ಜಾಸ್ತಿ ಜನ. ಹುಳ ಆದ್ರೆ ಮುಖ ನೋಡಲ್ಲ. ನೀವು ಬೇರೆ ಪೇಪರಲ್ಲಿ ಹಾಕ್ಬಿಟ್ರಿ. ಇನ್ನು ಹೆಂಗೆ ತೆಗೆಯೋದು?"

ಬರೆಯಲು ಶುರುಮಾಡಿ ಇಪ್ಪತ್ತು ವರ್ಷವಾಯಿತು, ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಚೆನ್ನಾಗಿ ಓದುವ ಹುಡುಗಿ ಓದು ಬಿಡಲು ಹೊರಟಿದ್ದಳು. ನಾನು ಚಪ್ಪಾಳೆ ತಟ್ಟಿ ಬೀಳ್ಕೊಟ್ಟಿದ್ದೆ. (ಈ ಸಲ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಕೊರೋನಾ ಮುಗಿಯಿತೆಂದು ನಾವು ದೊಡ್ಡವರು ಸ್ಯಾನಿಟೈಸರ್ ಬಾಟಲಿಗೆ ಕೊಬ್ಬರಿ ಎಣ್ಣೆ ತುಂಬಿಸಿಕೊಂಡು ಆರಾಮಾಗಿದ್ದೇವೆ. ಮಕ್ಕಳಿಗೂ ಮುಗಿಯಿತೇ ಎಂದು ಯಾರಾದರೂ ಕೇಳಿದೆವಾ?

ಅವಳು ಒಪ್ಪಿದ ಮೇಲೆ ಮುನಿರಾಜುವಿಗೆ ಹೇಳಿದೆ. ಮೊದಲು ನಕ್ಕ. "ಊಟ ಬಿಡೋದಾ? ಏ ಹೋಗಕ್ಕ, ಹುಳ ಒಂದು ಹೊತ್ತು ಸೊಪ್ಪು ಬಿಟ್ರೆ ಬಾಗಿಲಲ್ಲೇ ಗೊತ್ತಾಗುತ್ತೆ ನಂಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಎದ್ದು ಹೋಗಿ ನನ್ನ ಅಂಕಣವನ್ನು ಬಾಗಿಲಿನಿಂದ ಕಿತ್ತ. ನನ್ನ ಜೀವಮಾನದ ಏಕೈಕ ಲ್ಯಾಮಿನೇಷನ್ ಬಾಳಿದ್ದು ಮೂರೇ ವಾರ.

ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದೆ. ತಮ್ಮನ ಹೆಂಡತಿ ಸರೋಜ ಹೌಹಾರಿದಳು. "ಊರೋರು ಕೇಳಿದ್ರೆ ಏನಕ್ಕ ಹೇಳೋದು?" ಕೊನೆಗೆ ದಾರಿ ಹುಡುಕಿದವಳೂ ಅವಳೇ. "ಮೊಡವೆಗೆ ಚರ್ಮದ ಡಾಕ್ಟ್ರತ್ರ ಹೋಗ್ತಿದ್ದೀವಿ ಅಂದ್ಬಿಡಣ."

ಸೋಮವಾರ ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ, 'ಮನೋವೈದ್ಯರು' ಎಂಬ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಸರೋಜ, ಹರ್ಷಿತ, ನಾನು ಮೂವರೂ ಕೂತೆವು. ಸರೋಜ ಸೆರಗನ್ನು ತಲೆಯ ಮೇಲಿಂದ ಎಳೆದು ಮೂಗು ಬಾಯಿ ಮುಚ್ಚಿಕೊಂಡಳು. ಎದುರು ಬೆಂಚಿನಲ್ಲಿ ಇನ್ನೊಬ್ಬ ಹೆಂಗಸು, ಅದೇ ಥರ ಸೆರಗು, ಪಕ್ಕದಲ್ಲಿ ತಲೆ ತಗ್ಗಿಸಿದ ಮಗಳು. ಸೆರಗಿನೊಳಗಿಂದಲೇ ಇಬ್ಬರೂ ಒಬ್ಬರನ್ನೊಬ್ಬರು ಹತ್ತು ನಿಮಿಷ ದಿಟ್ಟಿಸಿದರು.

"ಏಮಿ ಸರೋಜಮ್ಮ, ಇಕ್ಕಡ?" ಇಲ್ಲೇನು ಎಂದು ತೆಲುಗಿನಲ್ಲಿ ಕೇಳಿತು ಎದುರಿನ ಸೆರಗು. ಪಕ್ಕದ ಬೀದಿಯ ವೆಂಕಟಲಕ್ಷ್ಮಮ್ಮ!

"ಚರ್ಮದ ಡಾಕ್ಟ್ರತ್ರ ಬಂದ್ವಿ" ಎಂದಳು ಸರೋಜ.

"ನಾವೂ ಚರ್ಮದ್ದಕ್ಕೇ ಕಣಮ್ಮ" ಎಂದರು ಅವರು, ಇನ್ನೂ ಬೇಗ. ಇಬ್ಬರೂ ಬೋರ್ಡಿನ ಕಡೆ ಮಾತ್ರ ಕಣ್ಣೆತ್ತಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೊಡಿಸಿದ ಬನ್ನು ಹರ್ಷಿತಳ ಕೈಯಲ್ಲೇ ಇತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಆಚೀಚೆ ನೋಡಿದಳು. ಮೆಲ್ಲಗೆ ಮಾಸ್ಕನ್ನು ಗದ್ದಕ್ಕಿಳಿಸಿ, ಅಷ್ಟು ಜನರ ನಡುವೆ ಒಂದು ಸಲ ಕಚ್ಚಿದಳು. ಯಾರೂ ನೋಡಲಿಲ್ಲ. ಎಲ್ಲರಿಗೂ ಅವರವರ ಮುಖ ಬಚ್ಚಿಡುವುದೇ ದೊಡ್ಡ ಕೆಲಸವಾಗಿತ್ತು.

ನರ್ಸ್ ಅವಳ ಹೆಸರು ಕೂಗಿದರು. ಹರ್ಷಿತ ಬನ್ನು ಅಗಿಯುತ್ತಲೇ ಸೆರಗಿನೊಳಗಿನ ಅಮ್ಮನನ್ನು ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆ, ಮೊದ್ಲು ಅಮ್ಮನ್ನ ಒಳಗೆ ಕಳಿಸಣಾ?"