ಡಬ್ಬಿ ತೆಗೀರಿ ಅಂದಾಗ

“ಮಾವಶಿ, ಆ ಡಬ್ಬಿ ತೆಗೀರಿ!”

ಮಿರಜದ ನಮ್ಮ ಅಡುಗೆಮನೆಯಲ್ಲಿ ಆಗಷ್ಟೇ ಗ್ಯಾಸ್ ಹಚ್ಚಿದ್ದೆ. ಬಾಗಿಲಲ್ಲಿ ನಿಂತು ಕೂಗಿದವಳು ತಂಗಿಯ ಮಗಳು ಸುನಂದಾ. ಒಲೆಯ ಪಕ್ಕದಲ್ಲಿದ್ದ ಅವಳ ಸ್ಟೀಲ್ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ತಿರುಗಿಸತೊಡಗಿದೆ. ಓಡಿಬಂದು ನನ್ನ ಕೈ ಹಿಡಿದಳು.

“ನಕೋ, ನಕೋ! ಬಾಜೂಕ ಇಡ್ರಿ ಅಂದ್ನಿ. ಗಾಳಿ ತಾಗಿದ್ರ ಹೊತ್ತಿಕೊಳ್ತದರಿ!”

“ಹಂಗಾರ ‘ಬಾಜೂಕ ಸರಸು’ ಅನ್ನಬೇಕಿಲ್ಲೋ? ತೆಗಿ ಅಂದ್ರ ನಾ ಮುಚ್ಚಳಾನ ತೆಗೀತೇನಿ!”

ಸಾಂಗ್ಲಿಯಲ್ಲಿ ಮರಾಠಿಯಲ್ಲೇ ಬೆಳೆದ ಹುಡುಗಿ. ಪಕ್ಕಕ್ಕೆ ಸರಿಸುವುದಕ್ಕೂ ಮುಚ್ಚಳ ಬಿಚ್ಚುವುದಕ್ಕೂ ಅವಳ ಕನ್ನಡದಲ್ಲಿ ‘ತೆಗಿ’ ಒಂದೇ ಮಾತು. ಪುಣೆಯಲ್ಲಿ ಸಂಶೋಧನೆ ಮಾಡುತ್ತಾಳೆ. ಲೋಹದ ಪುಡಿಗೆ ಜಲಜನಕವನ್ನು ಕುಡಿಸಿ, ಬೇಕಾದಾಗ ಹೊರಗೆ ಬಿಡಿಸುವ ಕೆಲಸ. ಮುಂದೆ ಬಸ್ಸುಗಳು ಅದರಿಂದಲೇ ಓಡುತ್ತವಂತೆ. ಆ ಪುಡಿಯನ್ನೇ ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆಂದು ಧಾರವಾಡಕ್ಕೆ ಒಯ್ಯುತ್ತಿದ್ದವಳು, ರೈಲು ಬದಲಿಸುವ ನಡುವೆ ಊಟಕ್ಕೆ ಬಂದಿದ್ದಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಉಂಡು ಹೋದಳು.

ಈಗ ನಮ್ಮ ಮನೆಗೂ ಫೋನ್ ಬಂದಿದೆ. ಅವಳು ಮಾತಿಗೆ ಸಿಕ್ಕಾಗ, ಊಟ ಆತೇನ ಎನ್ನುವುದಕ್ಕೂ ಮೊದಲು “ಇವತ್ತ ಡಬ್ಬಿ ತೆಗದ್ಯೇನ?” ಎಂದು ಕೇಳುತ್ತೇನೆ. “ದಿನಾ ತೆಗೀತೇನಿ, ಮಾವಶಿ” ಎಂದು ನಗುತ್ತಾಳೆ. ಯಾವ ತೆಗೆಯುವುದು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.