ಹೊಸೆದವರ ಶಾವಿಗೆ

ಹಾಲು-ಶಾವಿಗೆಯ ಬಟ್ಟಲು ಕಂಡರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಹುಕ್ಕೇರಿಯಿಂದ ಗೋಕಾಕಕ್ಕೆ ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸರದಿಯಂತೆ ಮನೆಮನೆಗೆ ಹೋಗಿ ಶಾವಿಗೆ ಹೊಸೆಯುತ್ತಿದ್ದೆವು. ರಟ್ಟೆ ಬಿದ್ದುಹೋಗುತ್ತಿತ್ತು. ಆದರೂ ಗಂಡಸರು ಹಾಲು-ಶಾವಿಗೆ ಉಂಡೇಳುವವರೆಗೆ ನಮಗೆ ಒಂದೆಳೆಯೂ ಇಲ್ಲ!

ಎದುರುಮನೆಯ ಅಕ್ಕ ಮಾತ್ರ ಸೆರಗನ್ನು ಸೊಂಟಕ್ಕೆ ಬಿಗಿದು, "ಹೊಸೆದಾಕಿ ಉಪಾಸ ಇರಬೇಕೇನ?" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನಮ್ಮ ಮನೆಯಲ್ಲೇ ಶಾವಿಗೆ ಬೇಯಿಸಿ ಬಸಿದು, ಸವತಿಕಾಯಿ, ಗಜ್ಜರಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ, ನಿಂಬೆ ಹಿಂಡಿ ನಮಗೆಲ್ಲ ಬಡಿಸಿದಳು. ಆ ಉರಿಬಿಸಿಲಲ್ಲಿ ಎಷ್ಟು ಹಗುರ, ಎಷ್ಟು ತಂಪು!

ಕಟ್ಟೆಯ ಮೇಲೆ ಸ್ವರಾಜ್ಯದ ಭಾಷಣ ಬಿಗಿಯುತ್ತಿದ್ದ ನನ್ನ ಮಾವ ಒಳಗೆ ಬಂದರು. "ನಾವು ಉಣ್ಣೂಕಿಂತ ಮೊದಲ ತಾಟು ಹಿಡಕೊಂಡು ಕುಂತೀರೇನ?" ಎಂದವರೇ ನನ್ನ ತಾಟನ್ನು ಕಸಿದು ದನದ ಗೋದಲಿಗೆ ಸುರಿದರು.

ಅಕ್ಕ ತನ್ನ ತುತ್ತು ನುಂಗಿ, ಕೈತೊಳೆದು, ಶಾವಿಗೆ ಮಣೆಯನ್ನೂ ನಾದಿದ ಹಿಟ್ಟನ್ನೂ ತಂದು ಅವರ ಮುಂದಿಟ್ಟಳು.

"ಕುಂದರ್ರಿ ಕಾಕಾ, ಹೊಸೀರಿ. ನೀವು ಉಂಡಮ್ಯಾಲೆ ನಾವು ಉಣ್ಣತೀವಿ."

ಹೆಂಗಸರೆಲ್ಲ ಅವಳ ಹಿಂದೆ ಎದ್ದು ಹೋದರು. ಸಂಜೆಯ ಹೊತ್ತಿಗೆ ಹಿಟ್ಟು ಒಣಗಿ ಕಲ್ಲಾಯಿತು. ಮಣೆ ಎತ್ತಿಡೆಂದು ಮಾವ ನನ್ನನ್ನು ಒಂದೇ ಸವನೆ ಕೂಗಿದರು. ಅಡುಗೆಮನೆಯಲ್ಲಿ ಕುಳಿತಿದ್ದ ನನಗೆ ಕೇಳಿಸಿತು. ನಾನು ಏಳಲಿಲ್ಲ.