ನನ್ನ ಕೈ ಕಲಿತ ಅತ್ತೆ

ಮಗ್ಗುಲ ಮನೆಯ ಅತ್ತೆಯ ಬಲಗೈ ತೋರುಬೆರಳಿನ ಮೇಲೆ, ಉಗುರಿಗಿಂತ ಸ್ವಲ್ಪ ಕೆಳಗೆ, ಒಂದು ಗೀರು ಇತ್ತು. ಕತ್ತಿ ತಾಗಿದ್ದಲ್ಲ, ಸುಟ್ಟಿದ್ದೂ ಅಲ್ಲ. ವರ್ಷಾನುಗಟ್ಟಲೆ ರೇಷ್ಮೆ ಎಳೆ ಅಲ್ಲೇ ಹರಿದು ಹರಿದು ಬೆರಳೇ ದಾರಿ ಬಿಟ್ಟುಕೊಟ್ಟಿತ್ತು. ಚಿಕ್ಕವಳಿದ್ದಾಗ ನಾನು ಆ ಗೀರಿನಲ್ಲಿ ಉಗುರು ಓಡಿಸುತ್ತಿದ್ದೆ. “ಕಚಗುಳಿ ಇಡಬೇಡ ಪಿಲ್ಲಾ, ಮುದ್ದೆ ತಿನ್ನೋ ಕೈ ಅದು” ಎಂದು ಕೈ ಎಳೆದುಕೊಳ್ಳುತ್ತಿದ್ದರು.

ರಾಯದುರ್ಗದ ಕಡೆಯಿಂದ ಮದುವೆಯಾಗಿ ಮೊಳಕಾಲ್ಮೂರಿಗೆ ಬಂದವರು. ಮಾತಿನಲ್ಲಿ ಅರ್ಧ ತೆಲುಗು. ಸಿಟ್ಟು ಬಂದರೆ ಪೂರ್ತಿ ತೆಲುಗು. ನಮ್ಮ ಎರಡು ಮನೆಗಳ ನಡುವಿನ ಮೋಟು ಗೋಡೆಯ ಮೇಲೆ ಟೀ ಲೋಟ ಇಟ್ಟುಕೊಂಡು, ನಮ್ಮ ಮನೆಯ ಮಾತಿಗೆಲ್ಲ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಮದುವೆಗೆ ಹೋದರೆ ಹೆಣ್ಣಿನ ಮುಖ ನೋಡುವ ಮೊದಲು ಸೀರೆಯ ಅಂಚು ನೋಡುತ್ತಿದ್ದರು. “ಹೆಣ್ಣು ಚೆಂದ ಐತೆ, ಅಂಚು ಮಾತ್ರ ಕುಣೀತೈತೆ” ಎಂದು ಊಟದ ಪಂಕ್ತಿಯಲ್ಲೇ ಹೇಳಿ ಅವ್ವನಿಂದ ತಿವಿಸಿಕೊಳ್ಳುತ್ತಿದ್ದರು.

ನಮ್ಮ ಕಡೆಯ ರೇಷ್ಮೆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಹಾಗಾಗಿ ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ಎಸೆಯಬೇಕು. ನಮ್ಮ ಮನೆಯಲ್ಲಿ ಅಪ್ಪ ನೇಯುತ್ತಿದ್ದರು, ಅಂಚಿಗೆ ನಾನು ಕೂರುತ್ತಿದ್ದೆ. ಅವ್ವನಿಗೆ ಕಣ್ಣು ಮಂಜು, ನೂಲು ಸುತ್ತುವುದಷ್ಟೇ ಆಗುತ್ತಿತ್ತು. ಪಿಯುಸಿ ಪಾಸಾದ ಮೇಲೆ ಕಾಲೇಜಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದರೆ ಮಗ್ಗ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ವ್ಯಾಪಾರ ಕಲಿಸುವ ಸಂಜೆ ತರಗತಿ ಶುರುವಾಗುತ್ತದೆ ಎಂಬ ಸುದ್ದಿ ಬಂತು. ಬಿಲ್ಲು ಬರೆಯುವುದು, ಲೆಕ್ಕ ಇಡುವುದು, ಗಿರಾಕಿಗಳ ಜೊತೆ ಮಾತಾಡುವುದು. ಪಾಠ ಹೇಳಲು ಚಳ್ಳಕೆರೆಯಿಂದ ಒಬ್ಬರು ಮೇಷ್ಟ್ರು ಬಸ್ಸಿನಲ್ಲಿ ಬರುತ್ತಾರಂತೆ. ತಪ್ಪದೆ ಬಂದವರನ್ನು ದೀಪಾವಳಿ ಆದ ಮೇಲೆ ಡೆಲ್ಲಿಯ ಕೈಮಗ್ಗ ಮೇಳಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಅವರವರ ಮನೆಯ ಸೀರೆ ಅವರೇ ತಂದು ಮಾರಬೇಕು.

ನಾನು ಹೆಸರು ಬರೆಸಿ ಬಂದು ಅಪ್ಪನ ಮುಂದೆ ನಿಂತೆ.

“ಸಂಜೆ ನೀನು ಕ್ಲಾಸಿಗೆ ಹೋದ್ರೆ ಸೀರೆ ನೇಯೋದು ಹೆಂಗೆ? ಸೀರೆ ಇಲ್ದೆ ಡೆಲ್ಲಿಗೆ ಏನು ತಗೊಂಡು ಹೋಗ್ತೀಯಾ, ಕೈ ಬೀಸ್ಕೊಂಡು ಹೋಗ್ತೀಯಾ?” ಅಂದರು ಅಪ್ಪ. ಕೆಟ್ಟ ಮಾತಲ್ಲ ಅದು. ಡೆಲ್ಲಿಯ ಸೀರೆಗಳೂ ಕ್ಲಾಸೂ ಅವೇ ಸಂಜೆಗಳನ್ನು ಕೇಳುತ್ತಿದ್ದವು.

ಗೋಡೆಯಾಚೆಯಿಂದ ಅತ್ತೆಯ ದನಿ ಬಂತು. “ಅಂಚಿಗೆ ನಾನು ಕೂತ್ಕೊಂತೀನಿ ಬಿಡಪ್ಪಾ.”

“ಅದೆಂಗಾಗ್ತೈತೆ ಅಕ್ಕಾ? ಹಗಲೊಂದು ಕೈ, ಸಂಜೆಗೊಂದು ಕೈ. ಅಂಚೇ ಚಾಡಿ ಹೇಳಿಬಿಡ್ತೈತೆ.”

ಒಂದು ಸೀರೆಗೆ ಕೂತ ಕೈ ಅದು ಮುಗಿಯುವ ತನಕ ಬದಲಾಗಬಾರದು ಎಂಬುದು ನಮ್ಮ ಕೇರಿಯ ಕಟ್ಟುನಿಟ್ಟು. ಒಬ್ಬೊಬ್ಬರು ಎಳೆಯನ್ನು ಎಳೆಯುವ ಬಿಗಿ ಒಂದೊಂದು ಥರ. ಬಿಗಿಯಾದಲ್ಲಿ ಅಂಚು ಒಳಗೆ ಸರಿಯುತ್ತದೆ, ಸಡಿಲಾದಲ್ಲಿ ಹೊರಗೆ ಉಬ್ಬುತ್ತದೆ. ಅತ್ತೆಯದು ಇಡೀ ಕೇರಿಗೆ ಗೊತ್ತಿದ್ದ ಬಿಗಿ ಎಳೆತ. ನನ್ನದು ಸಡಿಲ.

“ಹಂಗಾದ್ರೆ ಇವಳ ಕೈ ಕಲಿತೀನಿ” ಅಂದರು ಅತ್ತೆ.

ಅಪ್ಪನಿಗೆ ನಗು ಬಂತು. “ಕೇರಿಗೆಲ್ಲ ಕಲಿಸಿದೋಳು ನೀನು, ಇವಳ ಹತ್ರ ಕಲೀತೀಯಾ?”

“ಯಾಕೆ, ಫೀಸು ಕೇಳ್ತಾಳಾ?”

ಮಾರನೆಯ ದಿನ ಮಧ್ಯಾಹ್ನ ಅತ್ತೆ ತಮ್ಮ ಮಣೆ ತಂದು ನನ್ನ ಹಿಂದೆ ಹಾಕಿಕೊಂಡು ಕೂತರು. ಎರಡು ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟರು. ನಾಡಿ ನೋಡುವವರ ಹಾಗೆ. ನಾನು ಎಳೆದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ನನ್ನನ್ನು ಎಬ್ಬಿಸಿ, ಕಲಿಯಲೆಂದೇ ಮಗ್ಗಕ್ಕೆ ಕಟ್ಟಿದ್ದ ಹಳೆ ನೂಲಿನ ಮುಂದೆ ತಾವು ಕೂತರು. ಅಂಚು ಒಳಕ್ಕೆ ಹೋಯಿತು. ಅಪ್ಪ ಬಿಚ್ಚಿದರು. ಮತ್ತೆ ಕೂತರು, ಮತ್ತೆ ಒಳಕ್ಕೆ. ತಮ್ಮ ಕೈಗೇ ತೆಲುಗಿನಲ್ಲಿ ಬೈದುಕೊಂಡರು.

“ಗಟ್ಟಿ ಹಿಡಿಯೋದು ಸಲೀಸು ಕಣಪ್ಪಾ. ಬಿಡೋದೇ ಬರವಲ್ದು.”

ನನಗೆ ನೋಡಲಾಗಲಿಲ್ಲ. “ಅತ್ತೆ, ನಾನೇ ನಿಮ್ಮಂಗೆ ಬಿಗಿಯಾಗಿ ಎಳೆಯೋದು ಕಲಿತೀನಿ ಬಿಡ್ರಿ” ಅಂದೆ.

“ನಿನಗೆ ಕಲಿಯಾಕೆ ಬೇರೆ ಐತೆ. ಪೋ ಅಮ್ಮಾ, ತಲೆ ಬಾಚ್ಕೊಂಡು ಕ್ಲಾಸಿಗೆ ರೆಡಿ ಆಗು.”

ತರಗತಿ ಶುರುವಾಗುವ ಹೊತ್ತಿಗೆ ಆ ಕೈ ಬಗ್ಗಿತ್ತು. ನಾನು ಎದ್ದ ಜಾಗದಲ್ಲಿ ಅವರು ಕೂರುತ್ತಿದ್ದರು. ಬಾಗಿಲು ದಾಟಿ ಬೀದಿಗೆ ಬಂದರೂ ಮಗ್ಗದ ಸದ್ದು ನಿಲ್ಲದಿರುವುದನ್ನು ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದೆ. ಮರುದಿನ ಬೆಳಿಗ್ಗೆ ಗೋಡೆಯ ಮೇಲಿಂದ ವಿಚಾರಣೆ ನಡೆಯುತ್ತಿತ್ತು.

“ನಿನ್ನೆ ಏನು ಹೇಳಿದ್ರು ನಿಮ್ಮ ಮೇಷ್ಟ್ರು?”

“ಗಿರಾಕಿ ಜೊತೆ ಜಗಳ ಆಡಬಾರದಂತೆ ಅತ್ತೆ.”

“ಇದನ್ನ ಹೇಳಾಕೆ ಚಳ್ಳಕೆರೆಯಿಂದ ಬಸ್ಸು ಹತ್ಕೊಂಡು ಬಂದ್ರಾ?”

ಹಾಗೆಂದರೂ, ನಾನು ಕಲಿತುಬಂದ ಇಂಗ್ಲಿಷನ್ನು ತಪ್ಪಿಲ್ಲದೆ ಹೇಳುವ ತನಕ ಬಿಡುತ್ತಿರಲಿಲ್ಲ. “ಪ್ಯೂರ್ ಸಿಲ್ಕ್ ಮೇಡಂ, ಪ್ಲೀಸ್ ಸೀ” ಎಂದು ಗೋಡೆಯ ಮೇಲೆ ಟವೆಲ್ಲು ಹರಡಿ ನಾನು ಮಾರಬೇಕು. ಅವರು ಡೆಲ್ಲಿಯ ಹೆಂಗಸಾಗಿ ಮೂಗು ಮುರಿಯಬೇಕು. ಒಂದು ದಿನವೂ ಆ ಟವೆಲ್ಲನ್ನು ಅವರು ಕೊಳ್ಳಲಿಲ್ಲ.

ಪ್ರಯಾಣ ಹತ್ತಿರವಾದಾಗ ಸ್ವೆಟರ್ ಕೊಳ್ಳಲು ಇಬ್ಬರೂ ಚಳ್ಳಕೆರೆಗೆ ಹೋದೆವು. ನಾನು ಅಂಗಡಿಯಲ್ಲಿ ನೀಲಿ ಸ್ವೆಟರ್ ಹಿಡಿದು ನಿಂತಿದ್ದರೆ ಅತ್ತೆ ಕಾಣೆ. ಹುಡುಕಿದರೆ ಕಂಬಳಿಯವರ ಹತ್ತಿರ ಕೂತು, ಕರಿ ಕಂಬಳಿಯನ್ನು ಕೆನ್ನೆಗೆ ಉಜ್ಜಿ ನೋಡುತ್ತಿದ್ದಾರೆ.

“ಅತ್ತೆ, ಡೆಲ್ಲಿಗೆ ಇದನ್ನ ಹೊದ್ಕೊಂಡು ಹೋದ್ರೆ ಕುರಿ ಕಾಯೋಳು ಅಂತಾರೆ.”

“ಅನ್ಲಿ. ನಿನ್ನ ಸ್ವೆಟರ್ ನೋಡಿ ಅಲ್ಲಿ ಚಳೀನೇ ನಗ್ತೈತೆ.”

ಅವರು ಕೊಡಿಸಿದ ಕಂಬಳಿಯನ್ನು ನಾಚಿಕೆಯಿಂದಲೇ ಟ್ರಂಕಿನ ತಳಕ್ಕೆ ತುರುಕಿದೆ. ಆದರೆ ಗುಂತಕಲ್ಲಿನಿಂದ ಹೊರಟ ರೈಲು ಉತ್ತರಕ್ಕೆ ಹೋದ ಹಾಗೆಲ್ಲ ಅದು ಮೇಲಕ್ಕೆ ಬಂತು. ನನ್ನ ಜೊತೆಗೆ ಬಂದಿದ್ದ ಇನ್ನೊಬ್ಬ ನೇಕಾರರ ಹುಡುಗಿ ಅದರ ಅರ್ಧ ಕಿತ್ತುಕೊಂಡಳು.

ಹೊರಡುವ ಮೊದಲು ಒಂದು ಪರೀಕ್ಷೆ ಇತ್ತು. ಕೊನೆಯ ಸೀರೆ ಮಗ್ಗದಿಂದ ಇಳಿದ ದಿನ ಅಪ್ಪ ಅದನ್ನು ಚಾಪೆಯ ಮೇಲೆ ಉದ್ದಕ್ಕೂ ಹಾಸಿದರು. ಕೈ ಬದಲಾದ ಗುರುತು ಕಂಡರೆ ಆ ಸೀರೆಯನ್ನು ಡೆಲ್ಲಿಗೆ ಕಳಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. ಡೆಲ್ಲಿಗೆಂದು ನೇಯ್ದವೆಲ್ಲವೂ ಹಗಲು ನನ್ನ ಕೈ, ಸಂಜೆ ಅತ್ತೆಯ ಕೈ ಬೆಸೆದು ನೇಯ್ದವೇ. ಅಪ್ಪ ಮಂಡಿಯೂರಿ, ಅಂಚಿನ ಮೇಲೆ ಹೆಬ್ಬೆರಳು ಸವರುತ್ತ ಸೆರಗಿನವರೆಗೆ ಹೋದರು. ತಿರುಗಿ ಬಂದರು. ಅತ್ತೆ ಬಾಗಿಲಲ್ಲಿ ಬೇರೆಲ್ಲೋ ನೋಡುತ್ತ ನಿಂತಿದ್ದರು.

“ಇದ್ರಲ್ಲಿ ಎಲ್ಲೆಲ್ಲಿ ಕೂತಿದ್ದೆ ಅಕ್ಕಾ ನೀನು?” ಎಂದು ಅಪ್ಪ ಕೇಳಿದರು.

“ನಾನೆಲ್ಲಿ ಕೂತಿದ್ದೆ? ನಿನ್ನ ಮಗಳೇ ಅಲ್ವಾ ಕೂತಿದ್ದು.”

ಅಪ್ಪ ಸೀರೆ ಮಡಿಸತೊಡಗಿದರು. ನನ್ನ ಎದೆಯ ಮೇಲಿಂದ ಕಲ್ಲು ಎತ್ತಿಟ್ಟ ಹಾಗಾಯಿತು. ಆ ಕ್ಷಣದಷ್ಟು ಹಗುರ ನಾನು ಡಿಗ್ರಿ ಫಲಿತಾಂಶ ಬಂದ ದಿನವೂ ಆಗಿರಲಿಲ್ಲ.

ಡೆಲ್ಲಿಯಲ್ಲಿ ಸೀರೆಗಳು ಮಾರಿಹೋದವು. ನನ್ನ ಇಂಗ್ಲಿಷೂ ನಡೆಯಿತು. ವಾಪಸು ಬಂದವಳು ಅಂಚೆ ಶಿಕ್ಷಣದಲ್ಲಿ ಬಿ.ಕಾಂ. ಕಟ್ಟಿದೆ, ಒಂದು ವಿಷಯದಲ್ಲಿ ಎರಡು ಸಲ ಬಿದ್ದು ಎದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪರೀಕ್ಷೆಗಳ ದಿನಗಳಲ್ಲೂ ಮಗ್ಗ ನಿಲ್ಲಲಿಲ್ಲ. ಯಾರು ಕೂತಿದ್ದರು ಎಂದು ಬೇರೆ ಹೇಳಬೇಕಿಲ್ಲ. ಆಮೇಲೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಅತ್ತೆಯ ಕೈ ಮಾತ್ರ ಹಿಂದಕ್ಕೆ ತಿರುಗಲಿಲ್ಲ. ಅವರ ಮಗ ಮಗ್ಗ ಹಾಕಿದಾಗ ಅಂಚಿಗೆ ಕೂತ ಅತ್ತೆ ನನ್ನ ಹಾಗೇ ಸಡಿಲವಾಗಿ ಎಳೆಯುತ್ತಿದ್ದರಂತೆ. ಮಗ ಗೊಣಗಿದರೆ, “ಇರ್ಲಿ ಬಿಡು, ಈ ಕೈನೂ ಡೆಲ್ಲಿ ನೋಡೈತೆ” ಅನ್ನುತ್ತಿದ್ದರಂತೆ.

ಕೆಲವು ವರ್ಷಗಳ ಹಿಂದೆ ಹೋಗಿಬಿಟ್ಟರು. ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಎಲ್ಲ ಕಾರ್ಯ ಮುಗಿದ ಮೇಲೆ ಅವರ ಮಗ ಚಳ್ಳಕೆರೆಗೆ ಬಂದು ಮಿಲ್ಲಿನ ಗೇಟಿನಲ್ಲಿ ನಿಂತಿದ್ದ.

“ಏನಮ್ಮಾ, ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು ಹೋಗ್ಯಾಳೆ ಅವ್ವ. ಬೇರೆಯವರನ್ನ ಕೂರಿಸಂಗಿಲ್ಲ. ಆ ಕೈ ಈಗ ನಿನ್ನ ಹತ್ರ ಒಂದೇ ಇರೋದು.”

ಅವತ್ತೇ ರಜೆ ಹಾಕಿ ಅವನ ಜೊತೆ ಬಸ್ಸು ಹತ್ತಿದೆ. ಲಾಳಿ ಮುಟ್ಟದೆ ವರ್ಷಗಳಾಗಿದ್ದವು, ದಾರಿಯುದ್ದಕ್ಕೂ ಭಯವಾಯಿತು. ಅವರ ಮಗ್ಗದ ಅಂಚಿಗೆ ಕೂತು, ಅತ್ತೆ ನಿಲ್ಲಿಸಿದಲ್ಲಿಂದ ಲಾಳಿ ಎಸೆದು ಎಳೆದೆ. ಬೆರಳುಗಳಿಗೆ ಎಷ್ಟು ಬಿಡಬೇಕೆಂದು ಗೊತ್ತಿತ್ತು. ಅವನು ಅಂಚನ್ನೊಮ್ಮೆ ನೋಡಿ, ಮುಂದಿನ ಎಳೆಗೆ ಕಾಲೊತ್ತಿದ.